ಶಾಲೆಯ ವರದಿಯಲ್ಲಿ ಎಡಿಡಿ, ವೈದ್ಯರ ಚೀಟಿಯಲ್ಲಿ ಎಡಿಎಚ್‌ಡಿ: ಎರಡು ತೊಂದರೆಯೇ?
ಎರಡಲ್ಲ, ಗಮನ ಕೊರತೆಯ ಒಂದೇ ತೊಂದರೆಗೆ ಎರಡು ಹೆಸರು. ನಿಮ್ಮ ಮಗಳ ಶಾಲೆಯವರು ಹಳೆಯ ಹೆಸರನ್ನೇ ಬರೆದಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಇದನ್ನು ಎಡಿಡಿ ಎಂದು ಕರೆದು, 1987ರಲ್ಲಿ ಎಡಿಎಚ್‌ಡಿ ಎಂದು ಬದಲಿಸಿತು. ಹಾಗಾಗಿ ತಣ್ಣಗೆ ಕುಳಿತು ಕಿಟಕಿಯಾಚೆ ನೋಡುವ ಹುಡುಗಿಯ ಚೀಟಿಯಲ್ಲೂ ಆ ‘ಎಚ್’ (ಹೈಪರ್‌ಆಕ್ಟಿವಿಟಿ, ಅಂದರೆ ಅತಿ ಚಟುವಟಿಕೆ) ಇರುತ್ತದೆ. ಗೊಂದಲದ ಹೆಸರೇ, ಬಿಡಿ.

ಮೊದಲು ವೈದ್ಯರ ಚೀಟಿಯಲ್ಲಿ ಎಡಿಎಚ್‌ಡಿ ಪಕ್ಕದ ಪದ ನೋಡಿ. ‘ಇನ್‌ಅಟೆಂಟಿವ್’ ಎಂದಿದ್ದರೆ ಗಮನದ ಕೊರತೆಯೇ ಮುಖ್ಯ; ‘ಕಂಬೈನ್ಡ್’ ಎಂದಿದ್ದರೆ ಚಡಪಡಿಕೆ, ದುಡುಕುತನವೂ ಸೇರಿವೆ. ಏನೂ ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಬರೆಸಿಕೊಳ್ಳಿ; ಚೀಟಿ ಕಾಣದೆ ನಾನು ಊಹಿಸಲಾರೆ. ಶಾಲೆಯ ವರದಿ ರೋಗನಿರ್ಣಯವಲ್ಲ. ಅನುಮಾನ ಉಳಿದರೆ ಎರಡೂ ಕಾಗದ ಹಿಡಿದು ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ತೋರಿಸಿ. ‘ಎಸ್‌ಎಲ್‌ಡಿ’ ಎಂದೂ ಬರೆದಿದ್ದರೆ ಅದು ಬೇರೆ, ಓದು-ಬರಹ-ಲೆಕ್ಕದ ಕಲಿಕಾ ನ್ಯೂನತೆ. ಅದನ್ನು ಪ್ರತ್ಯೇಕವಾಗಿ ಕೇಳಿ.