ಪ್ರತಿಕ್ರಿಯೆ: ವಿಮಾನದ ಪಾಯಿಂಟ್‌ಗಿಂತ ಕ್ಯಾಶ್‌ಬ್ಯಾಕ್ ಲೇಸು
ದಾವಣಗೆರೆಯಲ್ಲಿದ್ದು ತಿಂಗಳಿಗೆ ದಿನಸಿ, ಔಷಧಿಗಳಿಗೆ 16,000, ಪೆಟ್ರೋಲಿಗೆ 4,000 ರೂಪಾಯಿ ಖರ್ಚು ಮಾಡುವ ತಾವು, ವಿಮಾನ ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್ ಕೊಡುವ ಕ್ರೆಡಿಟ್ ಕಾರ್ಡ್ ಪಡೆಯಬಹುದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಬೇಡ; ವಿಮಾನ ಹತ್ತಲು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕಾದ ನಮ್ಮೂರಿನವರಿಗೆ ಅಂಥ ಕಾರ್ಡಿನ ಲಾಂಜ್ (ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿ) ಸೌಲಭ್ಯ ಅಲಂಕಾರಕ್ಕಷ್ಟೇ. ಬಹಳಷ್ಟು ಕಾರ್ಡ್‌ಗಳು ಇಂಧನದ ಖರ್ಚಿಗೆ ಲಾಭ ಕೊಡುವುದಿಲ್ಲವಾದ್ದರಿಂದ, ಶೇ. 1ರ ಕ್ಯಾಶ್‌ಬ್ಯಾಕ್ (ಖರ್ಚಿನ ಒಂದು ಪಾಲು ಹಣವಾಗಿ ಮರಳುವ) ಕಾರ್ಡಿನಲ್ಲಿ ಉಳಿದ ಖರ್ಚಿಗೆ ವರ್ಷಕ್ಕೆ 1,920 ರೂಪಾಯಿ ಬಂದರೂ, ವಾರ್ಷಿಕ ಶುಲ್ಕ 999 ಇದ್ದಲ್ಲಿ ಶೇ. 18ರ ಜಿಎಸ್‌ಟಿ ಸೇರಿ ಸುಮಾರು 1,179 ಕಳೆದು, ಕೈಗುಳಿಯುವುದು 741 ಮಾತ್ರ. ಆದ್ದರಿಂದ ಶುಲ್ಕವಿಲ್ಲದ ರೂಪೇ ಕ್ರೆಡಿಟ್ ಕಾರ್ಡನ್ನೇ ನೋಡಿ. ಅದನ್ನು ಯುಪಿಐಗೆ ಜೋಡಿಸಿದರೆ ಸ್ವೈಪ್ ಯಂತ್ರವಿಲ್ಲದ ಕಿರಾಣಿ ಅಂಗಡಿಯಲ್ಲೂ ಕ್ಯೂಆರ್ ಮೂಲಕ ಪಾವತಿಸಬಹುದು, ಆದರೆ ಅಂಥ ಪಾವತಿಗೆ ಕ್ಯಾಶ್‌ಬ್ಯಾಕ್ ಉಂಟೇ ಎಂಬುದನ್ನು ಅರ್ಜಿಗೆ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ.