ಬಚ್ಚಲ ಕೂದಲು: ತಳ್ಳಬೇಡಿ, ಎಳೆಯಿರಿ

ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಒಂದೇ ಗೋಳು. ಬಚ್ಚಲಲ್ಲಿ ನೀರು ಇಳಿಯುತ್ತಿಲ್ಲ, ಒಳಗೆ ಕೂದಲು ಸಿಕ್ಕಿಕೊಂಡಿದೆ. 31 ವರ್ಷ ಪ್ಲಂಬರ್ ಕೆಲಸ ಮಾಡಿದವನು ನಾನು. ಎಷ್ಟು ಮನೆಯವರ ಕೂದಲು ಈ ಕೈಯಿಂದ ಹೊರಗೆ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಮಂಡಿನೋವು ಶುರುವಾದ ಮೇಲೆ ಸ್ಪ್ಯಾನರ್ ಕೆಳಗಿಟ್ಟು ಪೆನ್ನು ಹಿಡಿದಿದ್ದೇನೆ. ಈ ಸಲ ಪೂರ್ತಿ ಕೂದಲಿನದೇ ಮಾತು. ಮೊದಲು ನಿಮ್ಮ ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ.

ಸ್ನಾನ ಮಾಡುವಾಗ ನೀರು ಪಾದ ಮುಳುಗುವಷ್ಟು ನಿಲ್ಲುತ್ತದೆ. ಸ್ನಾನ ಮುಗಿದು ಕಾಲು ಗಂಟೆಯಾದ ಮೇಲೆ ಮೆಲ್ಲಗೆ ಇಳಿಯುತ್ತದೆ. ಮನೆಯಲ್ಲಿ ನಾವು ಮೂವರು ಹೆಂಗಸರು, ಮೂವರದೂ ಉದ್ದ ಕೂದಲು. ಎಲ್ಲಿಂದ ಶುರು ಮಾಡಲಿ ಸರ್?

ಜಾಲರಿಯಿಂದ ಶುರು ಮಾಡಿ ತಾಯಿ. ಪೈಪಿನೊಳಗೆ ಏನೋ ದೊಡ್ಡ ರೋಗ ಇದೆ ಎಂದು ಹೆದರಬೇಡಿ. ಕೂದಲು ದೂರ ಪ್ರಯಾಣ ಮಾಡುವ ಜಾತಿಯದಲ್ಲ. ನನ್ನ ಕೈಗೆ ಅದು ಸಿಕ್ಕಿದ್ದೆಲ್ಲ ಹೆಚ್ಚಾಗಿ ಬಚ್ಚಲ ಬಾಯಿಂದ ಒಂದು ಮೊಳದ ಒಳಗೇ.

ಮೊದಲ ಕೂದಲು ಯಾವುದೋ ಒರಟು ಅಂಚಿಗೋ ಸ್ಕ್ರೂ ತುದಿಗೋ ಸುತ್ತಿಕೊಳ್ಳುತ್ತದೆ. ಎರಡನೆಯದು ಅದಕ್ಕೆ ಸಿಕ್ಕು ಬೀಳುತ್ತದೆ. ಮೂರನೆಯದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಆಮೇಲೆ ಸೋಪಿನ ಜಿಡ್ಡು ಬಂದು ಅಂಟುತ್ತದೆ. ನೀರು ಗಡಸಾದರೆ ಇದು ಇನ್ನೂ ಬೇಗ ಆಗುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ, ನೀರಿನಲ್ಲಿ ಕರಗದ ಬಿಳಿ ಗಸಿಯಾಗಿಬಿಡುತ್ತದೆ. ಕೂದಲು ಕಂಬಿ, ಗಸಿ ಸಿಮೆಂಟು. ಇಬ್ಬರೂ ಸೇರಿ ನಿಮ್ಮ ಬಚ್ಚಲಲ್ಲಿ ಸಣ್ಣದೊಂದು ಅಣೆಕಟ್ಟು ಕಟ್ಟಿದ್ದಾರೆ.

ಕೈಗವಸು ಹಾಕಿಕೊಳ್ಳಿ. ಟಾರ್ಚು, ಹಲ್ಲುಜ್ಜುವ ಹಳೇ ಬ್ರಶ್, ಒಂದು ಬಕೆಟ್, ನಾಲ್ಕು ಹಾಳೆ ಹಳೇ ಪೇಪರ್ ಇಟ್ಟುಕೊಳ್ಳಿ. ಜಾಲರಿಗೆ ಸ್ಕ್ರೂ ಇದ್ದರೆ ಬಿಚ್ಚಿ. ಇಲ್ಲದಿದ್ದರೆ ಚಪ್ಪಟೆ ಸ್ಕ್ರೂಡ್ರೈವರ್ ಅಂಚಿಗೆ ಕೊಟ್ಟು ಮೀಟಿ. ಬಿಚ್ಚಿದ ಸ್ಕ್ರೂ ಬಚ್ಚಲುಮನೆಯ ಆಚೆಗೆ ಇಡಿ. ತೂತಿನ ಪಕ್ಕ ಇಟ್ಟ ಸ್ಕ್ರೂ ತೂತಿಗೇ ಬೀಳುತ್ತದೆ. ಇದರಲ್ಲಿ ನನಗೆ ಬೇಕಾದಷ್ಟು ಅನುಭವ ಇದೆ.

ಬಚ್ಚಲ ಬಾಯಿಯ ಕೆಳಗೆ ನೀರು ನಿಲ್ಲುವ ಭಾಗಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಕೆಲವು ಟ್ರ್ಯಾಪುಗಳಲ್ಲಿ ಜಾಲರಿಯ ಕೆಳಗೆ ಬೋರಲು ಹಾಕಿದ ಬಟ್ಟಲಿನಂಥದೊಂದು ಇರುತ್ತದೆ. ಅದನ್ನು ಮೆಲ್ಲಗೆ ಅಲ್ಲಾಡಿಸಿ ಮೇಲೆತ್ತಿ. ಅದರ ಅಂಚಿಗೆ ಕೂದಲು ಸಿಂಬೆಯ ಹಾಗೆ ಸುತ್ತಿಕೊಂಡಿರುತ್ತದೆ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಬಟ್ಟಲು ಬಕೆಟ್ಟಿಗೆ ಹಾಕಿ, ಬ್ರಶ್ಶಿನಲ್ಲಿ ಉಜ್ಜಿ.

ಆಮೇಲೆ ಕೊಕ್ಕೆ. ಎರಡೂ ಅಂಚಿಗೆ ಮುಳ್ಳಿರುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಇದಕ್ಕೆಂದೇ ಬರುತ್ತದೆ. ನೋಡಲು ಆಟದ ಸಾಮಾನಿನ ಹಾಗಿದ್ದರೂ ಅದರಷ್ಟು ಚೆನ್ನಾಗಿ ಕೂದಲು ಹಿಡಿಯುವುದು ಬೇರೆ ಇಲ್ಲ. ಅದು ಇಲ್ಲದಿದ್ದರೆ ಬಟ್ಟೆ ಹಾಕುವ ತಂತಿಯ ಹ್ಯಾಂಗರ್ ನೆಟ್ಟಗೆ ಮಾಡಿ, ತುದಿಯನ್ನು ಅರ್ಧ ಇಂಚು ಬಗ್ಗಿಸಿ. ಒಳಗೆ ಬಿಟ್ಟು, ಬಾವಿಯಲ್ಲಿ ಪಾತಾಳಗರಡಿ ಆಡಿಸುವ ಹಾಗೆ ನಿಧಾನವಾಗಿ ತಿರುಗಿಸಿ. ಏನೋ ಹಿಡಿದುಕೊಂಡಿತು ಅನ್ನಿಸಿದಾಗ ಜಗ್ಗಬೇಡಿ. ಜಗ್ಗಿದರೆ ಗಂಟು ಹರಿದು ಅರ್ಧ ಕೆಳಗೆ ಹೋಗುತ್ತದೆ. ತಿರುಗಿಸುತ್ತಾ, ತಿರುಗಿಸುತ್ತಾ ಎಳೆಯಿರಿ. ಕಪ್ಪಗೆ, ಲೋಳೆಲೋಳೆಯಾಗಿ, ಸತ್ತ ಇಲಿಯಂಥದೊಂದು ಮೇಲೆ ಬರುತ್ತದೆ. ಮುಖ ಆಚೆ ತಿರುಗಿಸಿಕೊಂಡು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ. ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಬೇಡಿ. ಅದು ಕಾಯಿಲೆಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸಿದಂತೆ.

ಕೊಕ್ಕೆ ಎರಡು ಸಲ ಖಾಲಿ ಬಂದ ಮೇಲೆ ಕೈ ತಡೆಯುವಷ್ಟು ಬಿಸಿಯ ನೀರಿಗೆ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬೆರೆಸಿ ಸುರಿಯಿರಿ. ಉಳಿದ ಜಿಡ್ಡು ಹೋಗುತ್ತದೆ.

ನಮ್ಮದು ವಾಷ್ ಬೇಸಿನ್. ಗಡ್ಡ ಬೋಳಿಸಿದ ಮೇಲೆ ನೀರು ಹೋಗುವುದೇ ಇಲ್ಲ. ಕೆಳಗಿನ ಬಾಟಲಿಯಂಥ ಭಾಗವನ್ನು ನಾನೇ ಬಿಚ್ಚಬಹುದೇ?

ಧಾರಾಳವಾಗಿ ಬಿಚ್ಚಬಹುದು. ಆದರೆ ಮೊದಲು ಮೇಲೆ ನೋಡಿ. ಒತ್ತಿದರೆ ಮುಚ್ಚುವ, ಇನ್ನೊಮ್ಮೆ ಒತ್ತಿದರೆ ತೆರೆಯುವ ಬಿರಡೆ ಇದ್ದರೆ ಅದನ್ನು ತಿರುಗಿಸಿ ಹೊರಗೆ ತೆಗೆಯಿರಿ. ಅದರ ಕಾಲಿಗೇ ಕೂದಲು ಸುತ್ತಿಕೊಂಡಿರಬಹುದು.

ಅಲ್ಲಿ ಏನೂ ಇಲ್ಲದಿದ್ದರೆ ಬಾಟಲ್ ಟ್ರ್ಯಾಪ್ ಕೆಳಗೆ ಬಕೆಟ್ ಇಟ್ಟು, ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ. ಇಕ್ಕಳ ಬೇಡ, ಪ್ಲಾಸ್ಟಿಕ್ಕಿನ ತಿರುಪಿನ ಗೆರೆ ಹಾಳಾಗುತ್ತದೆ. ಕೈ ಜಾರಿದರೆ ಒಣ ಬಟ್ಟೆ ಸುತ್ತಿ ತಿರುಗಿಸಿ. ಒಳಗಿನ ರಬ್ಬರ್ ವಾಷರ್ ಯಾವ ಕಡೆ ಮುಖ ಮಾಡಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಳದಲ್ಲಿ ಕೂದಲಿನ ಕೆಸರು ಇರುತ್ತದೆ. ಅದರಲ್ಲಿ ಕೈಯಾಡಿಸಿ ನೋಡಿ, ಸುಮ್ನೆ ಚೆಲ್ಲಬೇಡಿ. ಕಳೆದೇಹೋಯಿತು ಎಂದುಕೊಂಡಿದ್ದ ಉಂಗುರ, ಮೂಗುಬೊಟ್ಟು ನಾನೇ ಅಲ್ಲಿಂದ ಎತ್ತಿಕೊಟ್ಟಿದ್ದೇನೆ.

ಒಂದು ಎಚ್ಚರಿಕೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಟ್ರ್ಯಾಪ್ ಬಿಚ್ಚಿ, ಬಕೆಟ್ಟಿಗೆ ಬಿದ್ದ ಕೊಳೆನೀರನ್ನು ಬಹಳ ಶಿಸ್ತಿನಿಂದ ಅದೇ ಬೇಸಿನ್ನಿಗೆ ಸುರಿದೆ. ಕೆಳಗೆ ಟ್ರ್ಯಾಪ್ ಇಲ್ಲ ಅಲ್ವಾ? ಎಲ್ಲ ನನ್ನ ಕಾಲ ಮೇಲೇ ಬಂತು. ಬಿಚ್ಚಿದ ಬಟ್ಟಲು ತೊಳೆಯಲು ಅದೇ ನಲ್ಲಿ ತಿರುಗಿಸುವವರೂ ಇದ್ದಾರೆ. ನೀವು ಬೇರೆ ನಲ್ಲಿಗೆ ಹೋಗಿ.

ಅಡುಗೆ ಸೋಡಾ, ವಿನೆಗರ್ ಹಾಕಿ ಮೇಲೆ ಕುದಿಯುವ ನೀರು ಸುರಿದರೆ ಎಲ್ಲ ಸರಿಹೋಗುತ್ತದಂತೆ. ನಾನು ಮೂರು ಸಲ ಮಾಡಿದೆ. ಬುರಬುರ ಅಂತ ನೊರೆ ಬಂತು, ನೀರು ಮಾತ್ರ ಹಾಗೇ ನಿಂತಿದೆ.

ನೊರೆ ನೋಡಲು ಚೆಂದ, ಅಷ್ಟೇ. ಎರಡೂ ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಅದು ಕೂದಲಿಗೆ ಏನೂ ಮಾಡುವುದಿಲ್ಲ. ಸೋಡಾ ಹುಳಿಯನ್ನು ಕೊಲ್ಲುತ್ತದೆ, ಹುಳಿ ಸೋಡಾವನ್ನು ಕೊಲ್ಲುತ್ತದೆ. ಇಬ್ಬರ ಜಗಳದಲ್ಲಿ ಕೂದಲು ಆರಾಮ.

ಕುದಿಯುವ ನೀರಂತೂ ಬೇಡವೇ ಬೇಡ. ಪಿವಿಸಿ ಪೈಪು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಒಲೆಯಿಂದ ಆಗತಾನೇ ಇಳಿಸಿದ ನೀರು 100ರ ಹತ್ತಿರ ಇರುತ್ತದೆ. ಮತ್ತೆ ಮತ್ತೆ ಸುರಿದರೆ ಪೈಪು ಬಾಗಬಹುದು, ಜಾಯಿಂಟು ಸಡಿಲಾಗಬಹುದು. ಕೂದಲು ಹಾಗೇ ಉಳಿದು, ಜೊತೆಗೆ ಸೋರಿಕೆಯೂ ಬಂದರೆ ಯಾರಿಗೆ ಹೇಳುತ್ತೀರಿ?

ಡ್ರೈನ್ ಕ್ಲೀನರ್ ಪುಡಿ ಹಾಕಿದರೆ ಕೂದಲು ಕರಗುತ್ತದೆ ಎನ್ನುತ್ತಾರೆ. ಅದಾದರೂ ನಿಜವೇ?

ನಿಜ. ಕೂದಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್. ನೀರಿಗೆ ಜಗ್ಗುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಆದರೆ ಆ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವ ಕಾಸ್ಟಿಕ್ ಸೋಡಾ ಅದನ್ನು ತಿಂದುಹಾಕುತ್ತದೆ. ಹಾಗೆಯೇ ನಿಮ್ಮ ಚರ್ಮವನ್ನೂ ತಿನ್ನುತ್ತದೆ. ಚರ್ಮದ ಮೇಲ್ಪದರವೂ ಕೆರಾಟಿನ್ನೇ.

ನೀರು ಬಿದ್ದರೆ ಆ ಪುಡಿ ಕಾವು ಬಿಡುತ್ತದೆ. ಪೂರ್ತಿ ಕಟ್ಟಿಕೊಂಡ ಬಚ್ಚಲಿಗೆ ಹಾಕಿದರೆ ಮುಂದೆ ಹೋಗಲು ದಾರಿ ಇಲ್ಲದೆ ಅಲ್ಲೇ ಕೂರುತ್ತದೆ. ಕೆಲವೊಮ್ಮೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಒಂದು ಮನೆಯಲ್ಲಿ ಹಿಂದಿನ ದಿನ ಪುಡಿ ಹಾಕಿದ್ದನ್ನು ಹೇಳಲು ಮರೆತಿದ್ದರು. ನಾನು ಪ್ಲಂಜರ್, ಅಂದರೆ ಕೋಲಿನ ತುದಿಗೆ ರಬ್ಬರ್ ಬಟ್ಟಲಿರುವ ಸಾಧನ, ಒತ್ತಿದೆ. ನೀರು ಚಿಮ್ಮಿ ಕೈಗವಸಿನ ಒಳಕ್ಕೆ ಇಳಿಯಿತು. ಆ ಗುರುತು ಬಲ ಮಣಿಕಟ್ಟಿನಲ್ಲಿ ಇನ್ನೂ ಇದೆ. ನೀವೇನಾದರೂ ಹಾಕಿದ್ದರೆ ಪ್ಲಂಬರ್ ಬಾಗಿಲಲ್ಲಿ ಕಂಡ ಕೂಡಲೇ ಮೊದಲ ಮಾತು ಅದೇ ಆಗಿರಲಿ.

ಇನ್ನೊಂದು ವಿಷಯ ನಾನು ತಮಾಷೆ ಮಾಡದೆ ಹೇಳುತ್ತೇನೆ. ಪುಡಿಯಲ್ಲಿ ಆಗಲಿಲ್ಲ ಎಂದು ಅದರ ಮೇಲೆ ಆಸಿಡ್ ಸುರಿಯಬೇಡಿ, ಕುದ್ದು ಮುಖಕ್ಕೆ ಎರಚುತ್ತದೆ. ಬ್ಲೀಚ್ ಹಾಕಿದ ಜಾಗಕ್ಕೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಕಣ್ಣಿಗೋ ಮೈಗೋ ಸಿಡಿದರೆ ಹರಿಯುವ ನೀರಿನಲ್ಲಿ ಕಡಿಮೆಯೆಂದರೂ 20 ನಿಮಿಷ ತೊಳೆದು ಡಾಕ್ಟರ ಹತ್ತಿರ ಓಡಿ. ಹತ್ತು ನಿಮಿಷದಲ್ಲಿ ಕೊಕ್ಕೆ ಮಾಡುವ ಕೆಲಸಕ್ಕೆ ಇಷ್ಟೆಲ್ಲ ರಗಳೆ ಯಾಕೆ ಎನ್ನುವುದು ನನ್ನ ಪ್ರಶ್ನೆ.

ಬೇಸಿನ್ನಿಗೆ ಪ್ಲಂಜರ್ ಎಷ್ಟು ಒತ್ತಿದರೂ ಬರೀ ಗಾಳಿ ಹೋಗುತ್ತದೆ.

ರಬ್ಬರ್ ಮುಳುಗುವಷ್ಟು ನೀರು ಇರಬೇಕು. ಬೇಸಿನ್ನಿನ ಮೇಲಂಚಿನ ಸಣ್ಣ ತೂತನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನಿಮ್ಮ ಗಾಳಿಯೆಲ್ಲ ಹೋಗುತ್ತಿರುವುದು ಅಲ್ಲಿಂದ. ರಬ್ಬರ್ ಅಂಚಿಗೆ ಸ್ವಲ್ಪ ವ್ಯಾಸಲೀನ್ ಸವರಿದರೆ ಹಿಡಿತ ಜಾಸ್ತಿ. ಒತ್ತುವುದಕ್ಕಿಂತ ಮೇಲೆಳೆಯುವಾಗ ಬಲ ಹಾಕಿ. ಗಂಟು ನಮಗೆ ಮೇಲೆ ಬೇಕು, ಕೆಳಗಲ್ಲ.

"ನಿನ್ನ ಕೂದಲಿಂದಲೇ ಬಚ್ಚಲು ಕಟ್ಟುತ್ತದೆ" ಎಂದು ನಮ್ಮ ಯಜಮಾನರು ದಿನಾ ಅನ್ನುತ್ತಾರೆ. ಅವರ ತಲೆಯಲ್ಲಿ ಈಗ ಇರುವುದೇ ಸ್ವಲ್ಪ. ನಾನೇನು ಹೇಳಲಿ?

ಸಂಸಾರದ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. ಆರೋಗ್ಯವಾಗಿರುವ ಮನುಷ್ಯನಿಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತಿಂಗಳಿಗೆ ಹಿಡಿದರೆ ಒಬ್ಬರದೇ 1,500ರಿಂದ 3,000. ಎಲ್ಲವೂ ಬಚ್ಚಲಿಗೇ ಬೀಳುವುದಿಲ್ಲ, ಆದರೆ ತಲೆ ತೊಳೆಯುವ ದಿನ ಒಟ್ಟಿಗೆ ಬೀಳುತ್ತದೆ. ಉದ್ದ ಕೂದಲು ಗಂಟು ಕಟ್ಟುತ್ತದೆ, ಒಪ್ಪಬೇಕು. ಆದರೆ ಗಡ್ಡದ ಚೂರು, ಮೈಕೂದಲು ಆ ಗಂಟಿನ ಸಂದು ತುಂಬುತ್ತವೆ. ನಾನು ಬಿಡಿಸಿ ನೋಡಿದ ಉಂಡೆಗಳಲ್ಲಿ ಮನೆಮಂದಿ ಎಲ್ಲರೂ ಇರುತ್ತಿದ್ದರು.

ಸ್ನಾನಕ್ಕೆ ಹೋಗುವ ಮುಂಚೆ ಒಣ ತಲೆಯನ್ನೇ ಬಾಚಿಕೊಳ್ಳಿ. ಉದುರುವುದು ಬಾಚಣಿಗೆಗೆ ಬರುತ್ತದೆ. ಜಾಲರಿಯ ಮೇಲೆ ಸಣ್ಣ ತೂತಿನ ಸಿಲಿಕೋನ್ ಅಥವಾ ಸ್ಟೀಲ್ ಬಲೆ ಇಡಿ. ಸ್ನಾನ ಆದ ಕೂಡಲೇ ಅದರ ಮೇಲಿನದನ್ನು ಎತ್ತುವ ಕೆಲಸ ಯಜಮಾನರಿಗೆ ವಹಿಸಿ.

ನಮ್ಮಲ್ಲಿ ಟಾಯ್ಲೆಟ್ ಫ್ಲಶ್ ಮಾಡಿದರೆ ಬಚ್ಚಲಿನಿಂದ ಗುಳುಗುಳು ಶಬ್ದ ಬಂದು ನೀರು ಮೇಲಕ್ಕೆ ಉಕ್ಕುತ್ತದೆ. ಕೊಕ್ಕೆ ಹಾಕಲೇ?

ಬೇಡ. ಎರಡು ಮೂರು ಕಡೆ ಒಟ್ಟಿಗೆ ತೊಂದರೆ ಕಂಡರೆ ಕಟ್ಟಿಕೊಂಡಿರುವುದು ಮುಂದಿನ ದೊಡ್ಡ ಲೈನು. ನೀರು ಬಳಸುವುದು ನಿಲ್ಲಿಸಿ ಪ್ಲಂಬರನ್ನು ಕರೆಯಿರಿ. ಅದಕ್ಕೆ ಉದ್ದದ ಸ್ಪ್ರಿಂಗು ಬೇಕು, ಅದನ್ನು ತಿರುಗಿಸುವ ಕೈಯೂ ಬೇಕು.

ಕಳೆದ ವಾರ ಬಚ್ಚಲು ನಾನೇ ಬಿಚ್ಚಿ ಕೂದಲೆಲ್ಲ ತೆಗೆದೆ. ನೀರು ಸರಾಗವಾಗಿ ಹೋಗುತ್ತಿದೆ. ಆದರೆ ಅಂದಿನಿಂದ ಕೆಟ್ಟ ವಾಸನೆ, ಮೇಲಾಗಿ ಜಿರಳೆ. ಏನು ತಪ್ಪು ಮಾಡಿದೆ?

ಕೂದಲು ತೆಗೆದಿದ್ದು ಸರಿಯಾಗಿಯೇ ಆಗಿದೆ. ಟ್ರ್ಯಾಪಿನಲ್ಲಿ ಸದಾ ಒಂದಷ್ಟು ನೀರು ನಿಂತಿರಬೇಕು. ಕೊಳಚೆ ಪೈಪಿನ ಗಾಳಿಯನ್ನು ಈಚೆಗೆ ಬಿಡದೆ ತಡೆಯುವುದು ಆ ನೀರು. ಬೋರಲು ಬಟ್ಟಲಿನ ಅಂಚು ಆ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಬಾಗಿಲು ಮುಚ್ಚಿದಂತೆ. ಅದು ಇಲ್ಲದಿದ್ದರೆ ಗಾಳಿಗೂ ದಾರಿ, ಜಿರಳೆಗೂ ದಾರಿ.

ಆವತ್ತು ತೊಳೆಯಲು ಬಟ್ಟಲನ್ನು ಬಕೆಟ್ಟಿಗೆ ಹಾಕಿದ್ದಿರಲ್ಲ? ಹೋಗಿ ಆ ಬಕೆಟ್ಟಿನ ತಳ ನೋಡಿ.