ಎಂಆರ್‌ಐ ಇರುವಾಗ ನ್ಯೂರೋಸೈಕಾಲಜಿಯಲ್ಲಿ ಹಳೇ ರೋಗಿಗಳ ಕಥೆ ಯಾಕೆ ಓದಬೇಕು?

ನೀವು ಹಾಸನದಲ್ಲಿ ಬಿ.ಎ. ಸೈಕಾಲಜಿ ಓದುತ್ತಿದ್ದೀರಿ. ನ್ಯೂರೋಸೈಕಾಲಜಿ, ಅಂದರೆ ಮೆದುಳಿಗೂ ನಡವಳಿಕೆಗೂ ಇರುವ ನಂಟಿನ ಪಠ್ಯದ ತುಂಬಾ ಬ್ರೋಕಾ, ಗೇಜ್, ಎಚ್.ಎಂ. ಅಂತ ಯಾವುದೋ ಕಾಲದ ಹೆಸರುಗಳೇ ಇವೆ, ಈಗ ಸ್ಕ್ಯಾನ್ ಮಾಡಿದರೆ ಎಲ್ಲ ಕಾಣುತ್ತದಲ್ಲ, ಇದನ್ನು ಬಾಯಿಪಾಠ ಮಾಡುವುದು ಯಾಕೆ ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಸ್ಟ್ರೋಕ್ ಆದವರು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಮರೆವು ಶುರುವಾದ ಹಿರಿಯರು ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರ ಕೈಯಲ್ಲಿ ಸ್ಕ್ಯಾನ್ ಕವರ್ ಇದ್ದೇ ಇರುತ್ತದೆ. ಆದರೂ ಮನೆಯವರು ಕೇಳುವುದು ಒಂದೇ: "ಇವ್ರು ಯಾಕೆ ಹೀಗಾಡ್ತಾರೆ?" ಪೆಟ್ಟು ಎಲ್ಲಿ ಬಿದ್ದಿದೆ ಅಂತ ಫಿಲಂ ತೋರಿಸುತ್ತದೆ. ಅದರಿಂದ ಮನುಷ್ಯನಿಗೆ ಏನಾಗಿದೆ ಅಂತ ತಿಳಿಯಬೇಕಾದರೆ ಅವರ ಎದುರು ಕೂತೇ ನೋಡಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆದ ಕೆಲವರು ತಟ್ಟೆಯ ಬಲಗಡೆಯ ಅನ್ನ ಸಾರು ಊಟ ಮಾಡಿ ಮುಗಿಸುತ್ತಾರೆ. ಆಮೇಲೆ ಪಲ್ಯ ಬಡಿಸಲೇ ಇಲ್ಲ ಅಂತ ಸೊಸೆಯ ಮೇಲೆ ರೇಗುತ್ತಾರೆ. ಪಲ್ಯ ಎಡಗಡೆ ಹಾಗೇ ಕೂತಿರುತ್ತದೆ. ತಟ್ಟೆ ತಿರುಗಿಸಿ ಇಟ್ಟರೆ ಅದನ್ನೂ ತಿನ್ನುತ್ತಾರೆ! ಕಣ್ಣು ಸರಿಯಿದ್ದರೂ ಗಮನ ಎಡಕ್ಕೆ ಹೋಗುವುದಿಲ್ಲ. ಇದಕ್ಕೆ ನೆಗ್ಲೆಕ್ಟ್ ಅನ್ನುತ್ತಾರೆ.

1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ಇಂಥ ಇಬ್ಬರು ರೋಗಿಗಳಿಗೆ ಮಿಲಾನ್ ನಗರದ ದೊಡ್ಡ ಚರ್ಚಿನ ಚೌಕವನ್ನು ಮನಸ್ಸಿನಲ್ಲೇ ನೆನೆದು ಹೇಳಿ ಅಂದರು. ಅದು ಅವರಿಗೆ ಚೆನ್ನಾಗಿ ಗೊತ್ತಿದ್ದ ಜಾಗ. ಹೇಳುವಾಗ ಎಡಗಡೆಯ ಕಟ್ಟಡಗಳು ಬಿಟ್ಟುಹೋದವು. ಈಗ ಚೌಕದ ಆ ತುದಿಯಲ್ಲಿ ನಿಂತು ಈ ಕಡೆ ನೋಡುತ್ತಿದ್ದೇನೆ ಅಂದುಕೊಳ್ಳಿ ಅಂದಾಗ, ಮೊದಲು ಬಿಟ್ಟಿದ್ದವು ಬಂದವು, ಮೊದಲು ಹೇಳಿದ್ದವು ಮಾಯ. ನಮ್ಮ ಬೇಲೂರಿಗೆ ಇಟ್ಟು ನೋಡಿ. ಅಂಥವರು ಗೋಪುರದ ಬಾಗಿಲಲ್ಲಿ ಗುಡಿಗೆ ಮುಖ ಮಾಡಿ ನಿಂತಂತೆ ನೆನೆದರೆ ಬಲಗಡೆಯ ಕಲ್ಯಾಣಿ ಹೇಳುತ್ತಾರೆ, ಎಡಗಡೆಯ ಕಪ್ಪೆ ಚೆನ್ನಿಗರಾಯನ ಗುಡಿ ಬಿಡುತ್ತಾರೆ. ದೊಡ್ಡ ಗುಡಿಯ ಹಿಂದೆ ನಿಂತು ಗೋಪುರದ ಕಡೆ ನೋಡಿದಂತೆ ನೆನೆದರೆ ಚೆನ್ನಿಗರಾಯ ಬರುತ್ತಾನೆ, ಕಲ್ಯಾಣಿ ಹೋಗುತ್ತದೆ. ಅಂದರೆ ನೆನಪು ಎರಡೂ ಇದೆ, ಅದರ ಎಡಗಡೆಗೆ ಮನಸ್ಸು ತಿರುಗುತ್ತಿಲ್ಲ. ಇದು ಗೊತ್ತಾಗಿದ್ದು ಒಂದು ಪ್ರಶ್ನೆಯಿಂದ, ಮಷೀನಿನಿಂದ ಅಲ್ಲ.

ಇನ್ನು ಇತಿಹಾಸ. 19ನೇ ಶತಮಾನದ ಶುರುವಿನಲ್ಲಿ ಗಾಲ್ ಅನ್ನುವವನು ಬುರುಡೆಯ ಉಬ್ಬುತಗ್ಗು ಮುಟ್ಟಿ ಗುಣ ಹೇಳಬಹುದು ಅಂದ. ಅದು ಬುರುಡೆ ಶಾಸ್ತ್ರವೇ ಸರಿ, ಆದರೆ ಒಂದೊಂದು ಕೆಲಸಕ್ಕೆ ಮೆದುಳಲ್ಲಿ ಒಂದೊಂದು ಜಾಗ ಅನ್ನುವ ಮಾತು ಅವನಿಂದ ಬಲ ಪಡೆಯಿತು. ಫ್ಲೂರಾನ್ಸ್ ಪ್ರಾಣಿಗಳ ಮೆದುಳಿನ ಭಾಗ ತೆಗೆದು ನೋಡಿ, ಇಲ್ಲ, ದೊಡ್ಡ ಮೆದುಳು ಇಡಿಯಾಗಿ ಕೆಲಸ ಮಾಡುತ್ತದೆ ಅಂದ. ಈ ಜಗಳ ಇವತ್ತಿಗೂ ಪೂರ್ತಿ ಮುಗಿದಿಲ್ಲ.

1861ರಲ್ಲಿ ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಬ್ರೋಕಾ ಅನ್ನುವ ವೈದ್ಯನಿಗೆ ಮಾತು ಕಳೆದುಕೊಂಡ ಲೆಬೋರ್ನ್ ಅನ್ನುವ ರೋಗಿ ಸಿಕ್ಕಿದ. ಏನು ಕೇಳಿದರೂ "ತಾನ್, ತಾನ್" ಅನ್ನುತ್ತಿದ್ದ. ಹೇಳಿದ್ದು ಬಹಳಷ್ಟು ಅರ್ಥವಾಗುತ್ತಿತ್ತು. ಸಿಟ್ಟು ಬಂದರೆ ಮಾತ್ರ ಒಂದು ಬೈಗುಳ ಸಲೀಸಾಗಿ ಬರುತ್ತಿತ್ತು! ಇದನ್ನು ಪಠ್ಯದಲ್ಲಿ ಸುಮ್ನೆ ಅಡಿಟಿಪ್ಪಣಿ ಮಾಡಿರುತ್ತಾರೆ. ನನಗೆ ಇದೇ ಮುಖ್ಯ. "ನೀರು ಕೊಡು" ಅನ್ನಲಾಗದವರು ಒಂದರಿಂದ ಹತ್ತು ಎಣಿಸುವುದು, ದೇವರ ನಾಮ ಹೇಳುವುದು ಈಗಲೂ ಕಾಣಸಿಗುತ್ತದೆ. "ಬೇಕೂಂತಲೇ ನಾಟಕ ಮಾಡ್ತಿದಾರೆ" ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ನಾಟಕ ಅಲ್ಲ. ರೂಢಿಯ ಮಾತು ಬೇರೆ, ಹೊಸದಾಗಿ ವಾಕ್ಯ ಕಟ್ಟುವುದು ಬೇರೆ. 1874ರಲ್ಲಿ ವೆರ್ನಿಕೆ ಇದರ ಇನ್ನೊಂದು ಮಗ್ಗುಲು ತೋರಿಸಿದ: ಮಾತು ಧಾರಾಳ, ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ.

ಪರೀಕ್ಷೆಗೆ ಖಂಡಿತ ಬರುವುದು ಡಬಲ್ ಡಿಸೋಸಿಯೇಷನ್: ಒಬ್ಬ ರೋಗಿಗೆ ಒಂದು ಸಾಮರ್ಥ್ಯ ಕೆಟ್ಟು ಇನ್ನೊಂದು ಉಳಿದಿರುತ್ತದೆ, ಮತ್ತೊಬ್ಬ ರೋಗಿಗೆ ಅದರ ಉಲ್ಟಾ. 1953ರಲ್ಲಿ ಮೂರ್ಛೆರೋಗಕ್ಕೆಂದು ಎಚ್.ಎಂ. ಅನ್ನುವ ರೋಗಿಯ ಮೆದುಳಿನ ಎರಡೂ ಕಡೆಯ ಹಿಪ್ಪೋಕ್ಯಾಂಪಸ್ (ಹೊಸ ನೆನಪು ಕೂಡಿಡಲು ಬೇಕಾದ ಭಾಗ) ದೊಡ್ಡ ಪಾಲು ತೆಗೆದರು. ಆಮೇಲೆ ನಡೆದದ್ದು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಹೇಳಿದ ಅಂಕಿಗಳನ್ನು ಆ ಕ್ಷಣ ತಿರುಗಿ ಹೇಳುತ್ತಿದ್ದರು. ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಸಿದಾಗ, ಹಿಂದೆ ಮಾಡಿದ್ದೇ ನೆನಪಿಲ್ಲದಿದ್ದರೂ ಕೈ ದಿನದಿಂದ ದಿನಕ್ಕೆ ಪಳಗಿತು. ಇದಕ್ಕೆ ತದ್ವಿರುದ್ಧ, 1969ರಲ್ಲಿ ವಾರಿಂಗ್ಟನ್ ಮತ್ತು ಶಾಲಿಸ್ ವರದಿ ಮಾಡಿದ ಕೆ.ಎಫ್. ಬೈಕ್ ಅಪಘಾತದಲ್ಲಿ ಪೆಟ್ಟಾದವನು. ಎರಡು ಅಂಕಿ ದಾಟಿದರೆ ತಿರುಗಿ ಹೇಳಲು ಕಷ್ಟ, ಹೊಸದನ್ನು ಕಲಿತು ನೆನಪಿಡುವುದು ಮಾತ್ರ ಚೆನ್ನಾಗಿತ್ತು. ಒಬ್ಬರೇ ಇದ್ದಿದ್ದರೆ ಒಂದು ಕೆಲಸ ಸುಲಭ, ಇನ್ನೊಂದು ಕಷ್ಟ ಅಂತ ತಳ್ಳಿಹಾಕಬಹುದಿತ್ತು. ಇಬ್ಬರನ್ನೂ ಪಕ್ಕಪಕ್ಕ ಇಟ್ಟಾಗ ಆ ವಾದ ನಿಲ್ಲುವುದಿಲ್ಲ ಅಲ್ವಾ?

ಈಗ ಎಫ್‌ಎಂಆರ್‌ಐ ವಿಚಾರ. ಕೆಲಸ ಮಾಡುವಾಗ ಮೆದುಳಿನ ಯಾವ ಭಾಗ ಚುರುಕಾಗುತ್ತದೆ ಅಂತ ಅದು ತೋರಿಸುತ್ತದೆ. ಆದರೆ ಚುರುಕಾದ ಭಾಗವೆಲ್ಲ ಆ ಕೆಲಸಕ್ಕೆ ಬೇಕೇ ಬೇಕು ಅಂತಲ್ಲ. ಮದುವೆ ಮನೆಯಲ್ಲಿ ಓಡಾಡುವವರೆಲ್ಲ ಅಡುಗೆಯವರಲ್ಲ. ಯಾರು ಬರದಿದ್ದರೆ ಊಟ ನಿಲ್ಲುತ್ತದೆ ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಪೆಟ್ಟಾದವರೇ ಇವತ್ತಿಗೂ ದೊಡ್ಡ ಆಧಾರ. ಹಾಗಂತ ಸ್ಕ್ಯಾನ್ ಬೇಡ ಅಂತಲ್ಲ. ಬ್ರೋಕಾ ಲೆಬೋರ್ನ್‌ನ ಮೆದುಳನ್ನು ಕತ್ತರಿಸದೆ ಹಾಗೇ ಕಾಪಿಟ್ಟಿದ್ದ. 2007ರಲ್ಲಿ ಡ್ರಾಂಕರ್ಸ್ ತಂಡ ಅದನ್ನೇ ಎಂಆರ್‌ಐ ಮಾಡಿತು. ಹೊರಗೆ ಕಂಡಿದ್ದಕ್ಕಿಂತ ಹಾನಿ ಬಹಳ ಒಳಗೆ ಹೋಗಿತ್ತು.

ಗೇಜ್ ಕಥೆಯನ್ನು ಮಾತ್ರ ಸ್ವಲ್ಪ ಹುಷಾರಾಗಿ ಓದಿ. ಅಮೆರಿಕದಲ್ಲಿ ರೈಲು ಹಾದಿ ಕೆಲಸದಲ್ಲಿದ್ದ ಅವನಿಗೆ 1848ರಲ್ಲಿ ಕಬ್ಬಿಣದ ಸಲಾಕೆ ತಲೆ ತೂರಿಹೋಯಿತು, ಸ್ವಭಾವ ಬದಲಾಯಿತು, ನಿಜ. ಆದರೆ ಆಮೇಲೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಪೂರ್ತಿ ಕೆಟ್ಟುಹೋದ ಅಂತ ಬರೆಯುವವರು ಇದನ್ನು ಹೇಳುವುದಿಲ್ಲ.

ಸೋವಿಯತ್ ನ್ಯೂರೋಸೈಕಾಲಜಿಸ್ಟ್ ಲೂರಿಯಾನನ್ನು ಬಿಡಬೇಡಿ. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗಾಯವಾದ ಸೋವಿಯತ್ ಸೈನಿಕರ ಜೊತೆ ಕೆಲಸ ಮಾಡಿದವರು. ಎಚ್ಚರ ಕಾಯುವುದು, ಹೊರಗಿನಿಂದ ಬಂದದ್ದನ್ನು ತೆಗೆದುಕೊಂಡು ಜೋಡಿಸುವುದು, ಯೋಜನೆ ಮಾಡಿ ನಡೆಸುವುದು ಅಂತ ಮೆದುಳಿಗೆ ಮೂರು ಘಟಕ ಹೇಳಿದರು. ಒಂದು ಕೆಲಸಕ್ಕೆ ಹಲವು ಭಾಗ ಕೂಡಬೇಕು, ಯಾವ ಭಾಗ ಕೆಟ್ಟರೆ ಯಾವ ರೀತಿಯ ತಪ್ಪಾಗುತ್ತದೆ ನೋಡಿ ಅಂದರು. ಮೂರನೇ ಘಟಕ ಕೆಟ್ಟವರ ಮಾತು ಕೇಳಿ ಎಲ್ಲ ಸರಿಯಿದೆ ಅಂತ ನಾವೇ ಮೋಸಹೋಗುತ್ತೇವೆ. ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಕೊಯ್ಲು, ಪಲ್ಪಿಂಗ್, ಕಣದಲ್ಲಿ ಒಣಗಿಸುವುದು ಎಲ್ಲ ಚಾಚೂ ತಪ್ಪದೆ ಹೇಳಿದರು. ಮಗ ಹೇಳಿದ್ದು ಬೇರೆ: ಕೊಯ್ಲಿಗೆ ಆಳು ಕರೆಸುತ್ತಾರೆ, ಅವರು ಬಂದಾಗ ಎಲ್ಲಿಗೆ ಕಳಿಸಬೇಕು ಅಂತ ತೋಚದೆ ಸುಮ್ನೆ ಕೂರುತ್ತಾರೆ.

ಟೆಸ್ಟ್ ವಿಷಯಕ್ಕೆ ಒಂದು ಮಾತು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಗಡಿಯಾರ ಬರೆಯಿರಿ ಅಂದು, ಬರದಿದ್ದರೆ ಡಿಮೆನ್ಷಿಯಾ ಅನ್ನಲಾಗದು. ಅವರು ಪೆನ್ ಹಿಡಿದೇ ಇಲ್ಲ! ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ಬ್ಯಾಟರಿಯಲ್ಲಿ (ಟೆಸ್ಟ್‌ಗಳ ಕಟ್ಟಿನಲ್ಲಿ) ವಯಸ್ಸು, ಓದು, ಗಂಡು-ಹೆಣ್ಣು ನೋಡಿ ಅಂಕ ಹೋಲಿಸುವ ವ್ಯವಸ್ಥೆ ಇರುವುದು ಇದಕ್ಕೇ. ಕಾಲೇಜಿನಲ್ಲಿ ಪ್ರಾಜೆಕ್ಟ್ ಇದ್ದರೆ ಪ್ರಾಣಿಗಳ ಹೆಸರು ಹೇಳಿಸುವ ಟೆಸ್ಟ್ ತೆಗೆದುಕೊಳ್ಳಿ. ಒಂದು ನಿಮಿಷ, ಎಷ್ಟು ಬರುತ್ತೋ ಅಷ್ಟು. ಮನೆಯಲ್ಲಿ ತುಳು ಅಥವಾ ಉರ್ದು, ಹೊರಗೆ ಕನ್ನಡ ಆಡುವವರಿಗೆ ಎರಡು ಭಾಷೆಯಲ್ಲೂ ಬೇರೆಬೇರೆ ಮಾಡಿ. ಬರೀ ಎಣಿಸಬೇಡಿ, ಹೆಸರು ಬಂದ ಸಾಲು ಹಾಗೇ ಬರೆದುಕೊಳ್ಳಿ: ಕೊಟ್ಟಿಗೆಯವು ಮುಗಿದ ಮೇಲೆ ಕಾಡಿನವಕ್ಕೆ ಯಾವಾಗ ಹಾರಿದರು, ಎಲ್ಲಿ ತಡೆದರು ಅಂತ.